ಗೃಹಾರೋಗ್ಯ: ಹುಡುಗಿಯರ ಅಂಡಾಶಯದ ಗಂಟು

ಮೈನೆರೆದ ಹುಡುಗಿಯು ಹೊಟ್ಟೆನೋವೆಂದು ಮುದುಡಿ ಮಲಗಿದರೆ, “ಹೆಣ್ಣಾಗಿ ಹುಟ್ಟಿದ ಮೇಲೆ ಇದು ಇದ್ದದ್ದೇ” ಎಂದು ಜೀರಿಗೆಯ ಕಷಾಯವನ್ನು ಕೊಟ್ಟು ಸುಮ್ಮನಾಗುವುದು ನಮ್ಮ ಮನೆಗಳ ವಾಡಿಕೆ. ಬಹುಮಟ್ಟಿಗೆ ಅದರಿಂದ ಕೇಡಿಲ್ಲ. ಆದರೆ ಕೆಲವು ವೇಳೆ ಆ ನೋವಿನ ಮೂಲವು ಅಂಡಾಶಯದಲ್ಲಿ ಬೆಳೆದ ಗಂಟಾಗಿರಬಹುದು. ವೈದ್ಯರು ಇದನ್ನು ಸಿಸ್ಟ್ ಎನ್ನುವರು. ಈ ಹೆಸರು ಕಿವಿಗೆ ಬಿದ್ದೊಡನೆ, ಮಗಳ ಮದುವೆಯ ಗತಿಯೇನು, ಆಕೆಗೆ ಮಕ್ಕಳಾದಾವೇ ಎಂಬ ಚಿಂತೆಯು ತಾಯಿತಂದೆಗಳನ್ನು ಕಾಡತೊಡಗುತ್ತದೆ. ಆದುದರಿಂದ ಈ ಸಂಗತಿಯನ್ನು ತುಸು ಬಿಡಿಸಿ ಹೇಳುವುದು ಯುಕ್ತವಾಗಿದೆ.

ಗರ್ಭಕೋಶದ ಎರಡು ಪಕ್ಕಗಳಲ್ಲಿ ಬಾದಾಮಿಯ ಆಕಾರದ ಎರಡು ಅಂಡಾಶಯಗಳಿವೆ. ತಿಂಗಳಿಗೊಮ್ಮೆ ಇವುಗಳಲ್ಲೊಂದರಲ್ಲಿ ನೀರು ತುಂಬಿದ ಸಣ್ಣ ಕೋಶವು ಬೆಳೆದು, ಸುಮಾರು 2 ಸೆಂಟಿಮೀಟರಿನಷ್ಟಾದಾಗ ಒಡೆದು ಅಂಡವನ್ನು ಹೊರಬಿಡುತ್ತದೆ. ಋತುಮತಿಯಾದ ಮೊದಲ ವರ್ಷಗಳಲ್ಲಿ ಈ ಕ್ರಮವು ನೆಲೆಗೊಂಡಿರುವುದಿಲ್ಲ. ಒಡೆಯದೆ ಉಳಿದ ಕೋಶವು ಹಿಗ್ಗಿ ನೀರುಗುಳ್ಳೆಯಾಗುತ್ತದೆ. ಇಂಥವುಗಳಲ್ಲಿ ಬಹುಪಾಲು ಎರಡು ಮೂರು ತಿಂಗಳುಗಳಲ್ಲಿ ತಾವಾಗಿಯೇ ಕರಗಿಹೋಗುವುದರಿಂದ ಕತ್ತಿಯ ಮಾತೇ ಬೇಕಿಲ್ಲ. ಈಗ ಮನೆಮಾತಾಗಿರುವ ಪಿಸಿಓಎಸ್ ಎಂಬುದು ಬೇರೆಯೇ ತೊಂದರೆ. ಅದರಲ್ಲಿ ಕಾಣುವ ಸಣ್ಣ ಕೋಶಗಳನ್ನು ಕತ್ತರಿಸಿ ತೆಗೆಯುವುದಿಲ್ಲ.

ಗಂಟಿನ ಸ್ವರೂಪವನ್ನು ಅರಿಯಲು ಅಲ್ಟ್ರಾಸೌಂಡ್ ಪರೀಕ್ಷೆಯೇ ಮುಖ್ಯ ಸಾಧನ. ಮದುವೆಯಾಗದ ಹುಡುಗಿಗೆ ಮೂತ್ರಕೋಶ ತುಂಬಿರುವಾಗ ಹೊಟ್ಟೆಯ ಮೇಲಿನಿಂದಲೇ ಇದನ್ನು ಮಾಡುತ್ತಾರೆ. ಒಳಪರೀಕ್ಷೆಯಾದೀತೆಂಬ ಸಂಕೋಚದಿಂದ ವೈದ್ಯರ ಬಳಿ ಹೋಗದಿರುವುದು ಸರಿಯಲ್ಲ.

ಕರಗದೆ ಉಳಿಯುವ ಗಂಟುಗಳಲ್ಲಿ ಈ ವಯಸ್ಸಿನಲ್ಲಿ ಹೆಚ್ಚಾಗಿ ಕಾಣುವುದು ಡರ್ಮಾಯ್ಡ್. ಇದರೊಳಗೆ ಕೊಬ್ಬು, ಕೂದಲು, ಒಮ್ಮೊಮ್ಮೆ ಹಲ್ಲು ಕೂಡ ಇರುವುದುಂಟು. ಇದನ್ನು ಕೇಳಿ ಮಾಟವೆಂದು ಹೆದರುವವರೂ, ಹುಡುಗಿಯ ನಡತೆಯನ್ನೇ ಶಂಕಿಸುವವರೂ ಇದ್ದಾರೆ. ಎರಡೂ ಶುದ್ಧ ಅಜ್ಞಾನ. ದೇಹದ ಎಲ್ಲ ಬಗೆಯ ಅಂಗಾಂಶಗಳನ್ನೂ ನಿರ್ಮಿಸುವ ಶಕ್ತಿಯು ಅಂಡದ ಮೂಲಕಣಗಳಲ್ಲಿಯೇ ಅಡಗಿದೆ. ಪುರುಷ ಸಂಪರ್ಕಕ್ಕೂ ಈ ಗಂಟಿಗೂ ಯಾವ ಸಂಬಂಧವೂ ಇಲ್ಲ.

ನಿಜವಾಗಿ ಭಯಪಡಬೇಕಾದುದು ಗಂಟಿನ ಭಾರದಿಂದ ಅಂಡಾಶಯವು ತನ್ನ ತೊಟ್ಟಿನ ಮೇಲೆ ತಿರುಚಿಕೊಳ್ಳುವ ಸಂದರ್ಭಕ್ಕೆ. ಆಗ ರಕ್ತದ ಹರಿವು ಅಡ್ಡಗಟ್ಟುತ್ತದೆ. ಕೆಳಹೊಟ್ಟೆಯ ಒಂದು ಪಕ್ಕದಲ್ಲಿ ಹಠಾತ್ತನೆ ತೀವ್ರ ನೋವು, ಅದರೊಡನೆ ವಾಂತಿ, ಇವು ಇದರ ಲಕ್ಷಣಗಳು. ನೋವು ನಡುವೆ ತಗ್ಗಿ ಮತ್ತೆ ಮರುಕಳಿಸಬಹುದು. ಬಲಪಕ್ಕದಲ್ಲಾದರೆ ಅಪೆಂಡಿಸೈಟಿಸ್ ಎಂದು ತೋರಬಹುದು. ಇಂಥಲ್ಲಿ ಬೆಳಗಾಗಲೆಂದು ಕಾಯತಕ್ಕದ್ದಲ್ಲ. ಗಂಟೆಗಳು ಕಳೆದಂತೆ ಅಂಡಾಶಯವನ್ನು ಉಳಿಸುವ ಅವಕಾಶ ಕುಂದುತ್ತದೆ. ಹಿಂದೆ ಕಪ್ಪಾದ ಅಂಡಾಶಯವು ಸತ್ತಿತೆಂದು ಬಗೆದು ಅದನ್ನು ತೆಗೆದುಹಾಕುತ್ತಿದ್ದರು. ತಿರುಚನ್ನು ಬಿಡಿಸಿದರೆ ಅಂಥವೂ ಬಹುಮಟ್ಟಿಗೆ ಚೇತರಿಸಿಕೊಳ್ಳುವುವೆಂದು ಈಗ ತಿಳಿದಿದೆ. ನೋಟಕ್ಕೆ ಹೇಗೇ ಇರಲಿ, ಅದನ್ನು ಉಳಿಸಬೇಕೆಂದು ಅಮೆರಿಕದ ಪ್ರಸೂತಿ ಮತ್ತು ಸ್ತ್ರೀರೋಗತಜ್ಞರ ಕಾಲೇಜು 2019ರಲ್ಲಿ ಸಲಹೆಯಿತ್ತಿದೆ.

ಈ ಶಸ್ತ್ರಕ್ರಿಯೆಯ ಚರಿತ್ರೆಯೂ ಅರಿಯತಕ್ಕದ್ದು. 1809ರ ಡಿಸೆಂಬರಿನಲ್ಲಿ ಅಮೆರಿಕದ ಕೆಂಟಕಿಯ ಡ್ಯಾನ್‌ವಿಲ್ ಎಂಬ ಊರಿನಲ್ಲಿ ಎಫ್ರೈಮ್ ಮೆಕ್‌ಡವೆಲ್ ಎಂಬ ವೈದ್ಯನು ಜೇನ್ ಟಾಡ್ ಕ್ರಾಫರ್ಡ್ ಎಂಬ ಗೃಹಿಣಿಯ ಹೊಟ್ಟೆಯಿಂದ ಸುಮಾರು 10 ಕಿಲೋ ತೂಕದ ಅಂಡಾಶಯದ ಗಡ್ಡೆಯನ್ನು ತೆಗೆದನು. ಅರಿವಳಿಕೆಯು ಬಳಕೆಗೆ ಬಂದುದು 1846ರ ತರುವಾಯ. ಆ ಧೈರ್ಯವಂತೆಯು ಎಚ್ಚರವಿದ್ದೇ ಎಲ್ಲವನ್ನೂ ಸಹಿಸಿದಳು. ಮುಂದೆ ಮೂವತ್ತಕ್ಕೂ ಹೆಚ್ಚು ವರ್ಷ ಬದುಕಿದಳು. ಇಂದಾದರೋ ಅರಿವಳಿಕೆಯಲ್ಲಿ ಮಲಗಿದ ಹುಡುಗಿಗೆ, ಬಹುತೇಕ ಸಂದರ್ಭಗಳಲ್ಲಿ, 5ರಿಂದ 10 ಮಿಲಿಮೀಟರಿನ ಮೂರು ನಾಲ್ಕು ರಂಧ್ರಗಳ ಮೂಲಕ ಲ್ಯಾಪರೋಸ್ಕೋಪಿನಿಂದ ಗಂಟನ್ನು ಮಾತ್ರ ಸುಲಿದು ತೆಗೆದು, ಅಂಡಾಶಯವನ್ನು ಉಳಿಸುತ್ತಾರೆ.

ಕ್ಯಾನ್ಸರ್ ಈ ವಯಸ್ಸಿನಲ್ಲಿ ವಿರಳ; ಆದರೆ ಇಲ್ಲವೇ ಇಲ್ಲವೆನ್ನಲಾಗದು. ಗಂಟಿನಲ್ಲಿ ಘನಭಾಗ ಕಂಡರೆ ರಕ್ತಪರೀಕ್ಷೆ ಮಾಡಿಸಿ ಮುಂದುವರಿಯುತ್ತಾರೆ. ಅಂಥಲ್ಲಿ ಆ ಪಕ್ಕದ ಅಂಡಾಶಯವನ್ನು ತೆಗೆಯಬೇಕಾಗಿ ಬರಬಹುದು. ಆಗಲೂ ಎದೆಗುಂದಬಾರದು. ಇನ್ನೊಂದು ಅಂಡಾಶಯವು ಆರೋಗ್ಯವಾಗಿದ್ದರೆ ಮುಟ್ಟಿಗೂ ಸಂತಾನಕ್ಕೂ ಸಾಮಾನ್ಯವಾಗಿ ಅದೊಂದೇ ಸಾಕು.

ಶಸ್ತ್ರಕ್ರಿಯೆಗೆ ಒಪ್ಪಿ ರುಜು ಹಾಕುವ ಮುನ್ನ ಹೆತ್ತವರು ಮೂರು ಪ್ರಶ್ನೆಗಳನ್ನು ಕೇಳಲಿ: ಕೆಲವು ವಾರ ಕಾದುನೋಡಬಹುದೇ? ಅಂಡಾಶಯವನ್ನು ಉಳಿಸುವಿರಾ? ಉಳಿಸಲಾಗದೆಂದರೆ ಕಾರಣವೇನು? ಈ ಮಾತುಕತೆಯಲ್ಲಿ ಮಗಳನ್ನೂ ಕೂರಿಸಿಕೊಳ್ಳಲಿ. ಆಪರೇಷನ್ನಿನ ಕಾಗದಗಳನ್ನು ಜೋಪಾನವಾಗಿಟ್ಟು, ಮುಂದೆ ಆಕೆಯ ಕೈಗೇ ಒಪ್ಪಿಸಲಿ. ಹೆರಿಗೆಯ ಕಾಲದಲ್ಲಿ ವೈದ್ಯರಿಗೆ ಅವು ಬೇಕಾದಾವು. ಇದು ನಾಚಿಕೆಯಿಂದ ಮುಚ್ಚಿಡುವ ರೋಗವೇನೂ ಅಲ್ಲ.