ಗಂಡಸಿನ ಚಟ

'ಗಂಡಸಾದವನಿಗೆ ಒಂದಾದರೂ ಚಟ ಬೇಡವೇ?' ಎಂದು ನಗುತ್ತ ಕೇಳುವವರು ನಮ್ಮಲ್ಲಿ ಬಹಳ ಮಂದಿ ಉಂಟು. ಅದೇ ಗಂಡಸು ಚಟಕ್ಕೆ ದಾಸನಾದನೆಂದು ತಿಳಿದ ದಿನ ಅವನನ್ನು ಅಯೋಗ್ಯನೆಂದು ದೂರ ಮಾಡುವವರೂ ಇವರೇ. ಈ ಎರಡು ಮಾತುಗಳ ನಡುವಿನ ಕಾಲದಲ್ಲಿ, ಎಂದರೆ ಚಟವು ಕಾಯಿಲೆಯಾಗಿ ತಿರುಗುವ ಕಾಲದಲ್ಲಿ, ಅವನನ್ನು ಗಮನಿಸುವವರು ಯಾರೂ ಇರುವುದಿಲ್ಲ. ನನ್ನ ತಕರಾರು ಇರುವುದು ಇಲ್ಲಿಯೇ.

ಕೇಂದ್ರ ಸರ್ಕಾರವು 2019ರಲ್ಲಿ ಹೊರತಂದ ಸಮೀಕ್ಷೆಯಂತೆ ನಮ್ಮ ದೇಶದ ಗಂಡಸರಲ್ಲಿ ನೂರಕ್ಕೆ 27 ಮಂದಿ ಮದ್ಯ ಸೇವಿಸುವವರು. ಹೆಂಗಸರಲ್ಲಿ ನೂರಕ್ಕೆ ಇಬ್ಬರೂ ಇಲ್ಲ. ಅಫೀಮು, ಹೆರಾಯಿನ್, ಅದೇ ಜಾತಿಯ ನೋವಿನ ಮಾತ್ರೆಗಳನ್ನು ಬಳಸುವವರು 2 ಕೋಟಿಗೂ ಹೆಚ್ಚು. ಇವರೆಲ್ಲರೂ ಚರಂಡಿಯ ಪಕ್ಕದಲ್ಲಿ ಬಿದ್ದಿರುವವರೆಂದು ಭಾವಿಸಬೇಡಿ. ಅನೇಕರು ಇಸ್ತ್ರಿಯ ಅಂಗಿ ತೊಟ್ಟು ಕಛೇರಿಗೆ ಹೋಗುತ್ತಾರೆ, ಕಾಲೇಜಿಗೆ ಬರುತ್ತಾರೆ.

ಹಾಗಾದರೆ ಗುರುತಿಸುವುದು ಹೇಗೆ? ಅಫೀಮಿನ ಜಾತಿಯ ಮದ್ದು ಮೈಯಲ್ಲಿದ್ದಾಗ ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಕುಳಿತಲ್ಲಿಯೇ ತೂಕಡಿಕೆ ಬರುತ್ತದೆ. ಅದು ಇಳಿದಾಗ ಎಲ್ಲವೂ ತಿರುವುಮುರುವು: ಪಾಪೆ ಅಗಲವಾಗುತ್ತದೆ, ಮೂಗು ಕಣ್ಣು ಸುರಿಯುತ್ತವೆ, ಆಕಳಿಕೆ, ರೋಮಾಂಚ, ಕಾಲುಸೆಳೆತ, ಭೇದಿ. ಕೋಣೆಯ ಗೆಳೆಯನಿಗೆ ಇದು ನೆಗಡಿಯಾಗಿಯೇ ಕಾಣುತ್ತದೆ. ಮಾತ್ರೆಯೊಂದು ಸಿಕ್ಕೊಡನೆ ಮಾಯವಾಗುವ ನೆಗಡಿ! ಆದರೆ ಮೈಯ ಲಕ್ಷಣಗಳಿಗಿಂತ ನಡತೆಯ ಲಕ್ಷಣಗಳು ಮುಖ್ಯವೆಂದು ನನ್ನ ಅಭಿಪ್ರಾಯ. ಮೊದಲಿನ ಪ್ರಮಾಣ ಸಾಲದಾಗುವುದು, ಬಿಡುತ್ತೇನೆಂದು ಹೇಳಿ ಬಿಡಲಾಗದಿರುವುದು, ಹಾನಿ ಕಣ್ಣೆದುರಿಗಿದ್ದರೂ ಮುಂದುವರಿಸುವುದು. ಹೆಣ್ಣುಮಕ್ಕಳಾದರೆ ಅತ್ತಾರು, ಗಂಡಸು ಅಳಬಾರದೆಂದು ಕಲಿತಿದ್ದಾನೆ, ಆದುದರಿಂದ ಅವನ ದುಃಖವು ಸಿಡುಕಾಗಿ, ಸಾಲವಾಗಿ ಹೊರಬೀಳುತ್ತದೆ. ನಾವು ಸಿಡುಕನ್ನು ನೋಡಿ ಮುನಿಯುತ್ತೇವೆ.

ವಿಶ್ವ ಆರೋಗ್ಯ ಸಂಸ್ಥೆಯ ತಜ್ಞ ಸಮಿತಿಯು 1964ರಲ್ಲಿಯೇ 'ಚಟ', 'ಅಭ್ಯಾಸ' ಎಂಬ ಹಳೆಯ ಮಾತುಗಳಿಗೆ ಬದಲಾಗಿ 'ಅವಲಂಬನೆ' ಎಂಬ ಮಾತನ್ನು ಸೂಚಿಸಿತು. ನಾವಿನ್ನೂ ಚಟವನ್ನು ಬಿಟ್ಟಿಲ್ಲ.

ಇನ್ನು ವಿದ್ಯಾರ್ಥಿ ನಿಲಯಗಳ ವಿಚಾರ. ಸಿಕ್ಕಿಬಿದ್ದವನನ್ನು ಅಂದೇ ಪೆಟ್ಟಿಗೆಯೊಡನೆ ಹೊರಗೆ ಕಳಿಸಬೇಕೆಂಬ ವಾದವನ್ನು ನಮ್ಮ ಹಿರಿಯರಲ್ಲಿ ಕೆಲವರು ಮಾಡುತ್ತಾರೆ. ಉಳಿದ ಹುಡುಗರ ಹಿತ ಅವರ ಮನಸ್ಸಿನಲ್ಲಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಮಾರುವವನ ಮೇಲೆ ನನಗೂ ದಯೆಯಿಲ್ಲ. ಆದರೆ ಸೇವಿಸುವವನ ಮಾತು ಬೇರೆ. 1985ರ ಮಾದಕವಸ್ತು ಕಾಯಿದೆಯು ಸಾಮಾನ್ಯವಾದ ಕಾಯಿದೆಯಲ್ಲ, ಬಹಳ ಕಠಿಣ. ಅದರಲ್ಲಿಯೂ 64ಎ ಕಲಮಿನಂತೆ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿಯು ತಾನಾಗಿ ಮಾನ್ಯತೆ ಪಡೆದ ಆಸ್ಪತ್ರೆಗೆ ಸೇರಿ ಚಿಕಿತ್ಸೆಯನ್ನು ಪೂರೈಸಿದರೆ ಅವನ ಮೇಲೆ ಮೊಕದ್ದಮೆ ನಡೆಯುವುದಿಲ್ಲ. ಕಾಯಿದೆಗಿಂತಲೂ ನಿಲಯದ ನಿಯಮ ಕಠಿಣವಾಗಬೇಕೇ? ಹೊರಹಾಕಿದ ಹುಡುಗ ಊರಿನಲ್ಲಿ ಕೆಲವು ವಾರ ಬಿಟ್ಟಿದ್ದು, ಮರಳಿ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಅಷ್ಟರಲ್ಲಿ ಮೈ ತನ್ನ ತಾಳಿಕೆಯನ್ನು ಕಳೆದುಕೊಂಡಿರುತ್ತದೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. 14446 ಎಂಬ ಸರ್ಕಾರದ ಸಹಾಯವಾಣಿಯಿದೆ. ತಾನಾಗಿ ಬಂದು ಹೇಳಿಕೊಂಡವನ ಕೋಣೆಯೂ ಹಾಜರಿಯೂ ಚಿಕಿತ್ಸೆ ಮುಗಿಯುವವರೆಗೆ ಹಾಗೆಯೇ ಉಳಿಯತಕ್ಕದ್ದು ಎಂಬ ಒಂದು ಸಾಲನ್ನು ನಿಲಯದ ನಿಯಮಾವಳಿಯಲ್ಲಿ ಸೇರಿಸಬೇಕೆಂದು ನಾನು ಪ್ರಾಂಶುಪಾಲರನ್ನೂ ವಾರ್ಡನ್ನರನ್ನೂ ಈ ಪುಟಗಳ ಮೂಲಕ ಕೇಳಿಕೊಳ್ಳುತ್ತೇನೆ.