ಹೌದು, ನಾನು ಕುಣಿಯುತ್ತಿದ್ದೆ

ನಮ್ಮ ಊರಿನ ಮಹಿಳಾ ಸಮಾಜದ ವಾರ್ಷಿಕೋತ್ಸವಕ್ಕೆ ಏನೇನು ಇಟ್ಟುಕೊಳ್ಳಬೇಕೆಂದು ಮೊನ್ನೆ ಸಭೆ ಸೇರಿತ್ತು. ಹೊಸದಾಗಿ ಸದಸ್ಯರಾದ ಮೂವರು ಹೆಣ್ಣುಮಕ್ಕಳು, ಈ ಸಲ ಕೋಲಾಟದ ಜೊತೆಗೆ ಹಳೆಯ ಕಾಲದ ಒಂದು ರಾಕ್ ಅಂಡ್ ರೋಲ್ ಕುಣಿತವೂ ಇರಲಿ, ಹೆಂಗಸರು ಹೆಂಗಸರೇ ಜೋಡಿಯಾಗಿ ಕೈಹಿಡಿದು ಕುಣಿಯೋಣ ಎಂದರು. ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ ಕಮಿಟಿಯ ಹಿರಿಯ ಸದಸ್ಯೆಯೊಬ್ಬರು ಎದ್ದು ನಿಂತರು. ಅದು ಗಂಡಸು ಹೆಂಗಸನ್ನು ಬುಗುರಿಯಂತೆ ಆಡಿಸುವ ಕುಣಿತವಂತೆ, ಸಂಸ್ಕೃತಿ ಇಲ್ಲದ ಜನ ಹುಟ್ಟಿಸಿದ್ದಂತೆ, ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಯಾವ ಕಾಲಕ್ಕೂ ಅದನ್ನು ಕುಣಿದವರಲ್ಲವಂತೆ. ಕೊನೆಗೆ ನನ್ನ ಕಡೆ ತಿರುಗಿ, "ನೀವೇ ಹೇಳಿ, ಎಲ್ಲರಿಗಿಂತ ಹಿರಿಯರು ನೀವು. ನಿಮ್ಮ ಕಾಲದಲ್ಲಿ ಇಂಥದ್ದೆಲ್ಲ ಇತ್ತೇ?" ಎಂದರು.

ಇತ್ತು ಎಂದು ನಾನು ಹೇಳಲಿಲ್ಲ. ಕಾಫಿ ಲೋಟ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ನಕ್ಕು ಸುಮ್ಮನಾದೆ. ಮನೆಗೆ ಬಂದ ಮೇಲೆ ಆ ನಗೆಯನ್ನು ನೆನೆದು ನನಗೇ ಅಸಹ್ಯವಾಯಿತು. ಅರವತ್ತು ವರ್ಷಕ್ಕೂ ಮೇಲಾಯಿತು, ಈ ಒಂದು ವಿಷಯದಲ್ಲಿ ನಾನು ಹೀಗೇ ನಕ್ಕು ಸುಮ್ಮನಾಗುತ್ತ ಬಂದಿದ್ದೇನೆ. ಈಗ 84 ನನಗೆ. ಇನ್ನೂ ಯಾವ ಕಾಲಕ್ಕೆ ಕಾಯಲಿ?

ಮರ್ಯಾದಸ್ಥರ ಮನೆಯವರು ಕುಣಿದಿಲ್ಲವೆಂಬ ಮಾತಿಗೆ ಮೊದಲು ಉತ್ತರ ಕೊಡುತ್ತೇನೆ, ಏಕೆಂದರೆ ಅದಕ್ಕೆ ಸಾಕ್ಷಿ ನಾನೇ.

ನಾನು ಹುಟ್ಟಿ ಬೆಳೆದದ್ದು ಕೋಲಾರದ ಚಿನ್ನದ ಗಣಿಯಲ್ಲಿ. ತಂದೆಯವರು ಗಣಿಯ ಲೆಕ್ಕಪತ್ರದ ಕಛೇರಿಯಲ್ಲಿ ಗುಮಾಸ್ತರು. ಎರಡು ಹೊತ್ತು ಸಂಧ್ಯಾವಂದನೆ ತಪ್ಪಿಸಿದವರಲ್ಲ. 1956ರಲ್ಲಿ ಜಾನ್ ಟೇಲರ್ ಕಂಪೆನಿಯವರ ಕೈಯಿಂದ ಗಣಿ ಮೈಸೂರು ಸರ್ಕಾರದ ಕೈಗೆ ಬಂದಾಗ ನನಗೆ ಹದಿನೈದು. ಇಂಗ್ಲಿಷ್ ದೊರೆಗಳು ಒಬ್ಬೊಬ್ಬರಾಗಿ ಹಡಗು ಹತ್ತುತ್ತಿದ್ದರು. ಆಂಗ್ಲೋ-ಇಂಡಿಯನ್ ಸಂಸಾರಗಳು ಮಾತ್ರ ಇನ್ನೂ ಬೇಕಾದಷ್ಟಿದ್ದವು. ಅಂಥ ಒಂದು ಮನೆಯ ಹುಡುಗಿ ನನ್ನ ತರಗತಿಯಲ್ಲಿದ್ದಳು. ಗಣಿಯ ಬಾವಿಯೊಳಕ್ಕೆ ಆಳುಗಳನ್ನು ಇಳಿಸಿ ಮೇಲೆತ್ತುವ ಯಂತ್ರ ನಡೆಸುವುದು ಅವಳ ತಂದೆಯ ಕೆಲಸ. ಲೆಕ್ಕ ಕಲಿಯುವ ನೆಪದಲ್ಲಿ ನಾನು ಅವರ ಮನೆಗೆ ಹೋಗುತ್ತಿದ್ದೆ. ಲೆಕ್ಕ ಅವಳಿಗೆ ನಾನು ಹೇಳಿಕೊಡಬೇಕಾಗಿತ್ತು. ಅವಳು ನನಗೆ ಕಲಿಸಿದ್ದು ಜೈವ್.

ಅವರ ಮನೆಯ ಹಿಂದಿನ ವರಾಂಡ ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ನುಣುಪಾದ ಕೆಂಪು ಗಾರೆ ನೆಲ, ಗೋಡೆಗೆ ಒರಗಿಸಿದ ಸೈಕಲ್ಲು, ಮೂಲೆಯಲ್ಲಿ ಕೈಯಿಂದ ತಿರುಗಿಸಿ ಕೀಲಿ ಕೊಡುವ ಗ್ರಾಮಫೋನು. ಬಿಲ್ ಹೇಲಿಯ ಒಂದು ರೆಕಾರ್ಡು ಅವಳ ಹತ್ತಿರವಿತ್ತು, ಅದೂ ಅಂಚಿನಲ್ಲಿ ಚೂರು ಒಡೆದದ್ದು. ಅದು ಸಾಕಾದರೆ ರೇಡಿಯೋ ಸಿಲೋನ್. ಎಲ್ವಿಸ್ ಪ್ರೀಸ್ಲಿ, ಲಿಟಲ್ ರಿಚರ್ಡ್ ಹೆಸರುಗಳನ್ನೆಲ್ಲ ನಾನು ಕೇಳಿದ್ದು ಅಲ್ಲೇ. ಅವಳ ಅಣ್ಣಂದಿರು ಕೆಲಸಕ್ಕೆ ಬೇರೆ ಊರು ಸೇರಿದ್ದರು, ಅಭ್ಯಾಸಕ್ಕೆ ಜೋಡಿ ಇರಲಿಲ್ಲ. ನಾನು ಅವಳಿಗಿಂತ ಒಂದು ಗೇಣು ಎತ್ತರ. ಹಾಗಾಗಿ ನನ್ನನ್ನು ಗಂಡು ಮಾಡಿದಳು!

ಕುಣಿತದ ಲೆಕ್ಕ ಹೀಗೆ: ಹಿಂದಕ್ಕೊಂದು ಹೆಜ್ಜೆ, ಮರಳಿ ಇದ್ದ ಜಾಗಕ್ಕೆ; ಆಮೇಲೆ ಎಡಕ್ಕೆ ಮೂರು ಪುಟ್ಟ ಹೆಜ್ಜೆ, ಬಲಕ್ಕೆ ಮೂರು ಪುಟ್ಟ ಹೆಜ್ಜೆ. ಮೂರು ಹೆಜ್ಜೆಗಳನ್ನು ಎರಡೆರಡು ಏಟಿನಲ್ಲಿ ಮುಗಿಸಬೇಕು. ಹಾಗಾಗಿ ಒಟ್ಟು ಆರು ಏಟು. ಹಾಡು ನಡೆಯುವುದು ನಾಲ್ಕರ ಲೆಕ್ಕದಲ್ಲಿ, ಕಾಲು ನಡೆಯುವುದು ಆರರ ಲೆಕ್ಕದಲ್ಲಿ. ಹನ್ನೆರಡಕ್ಕೊಮ್ಮೆ ಎರಡೂ ಕೂಡಿಕೊಳ್ಳುತ್ತವೆ. ಸಂಗೀತದ ಮೇಷ್ಟರ ಮುಂದೆ ಕೂತು ತೊಡೆಯ ಮೇಲೆ ತಾಳ ಹಾಕಿ ಬೆಳೆದ ನನಗೆ ಇದು ಅರ್ಧ ಗಂಟೆಯಲ್ಲಿ ಹಿಡಿಯಿತು. ಕಾಲಿಗೆ ಬರುವುದಕ್ಕೆ ಹದಿನೈದು ದಿನ ಬೇಕಾಯಿತು, ಆ ಮಾತು ಬೇರೆ. ಅಲ್ಲಿನ ಹುಡುಗಿಯರು ಅಗಲ ಘೇರಿನ ಸ್ಕರ್ಟು ಹೊಲಿಸಿಕೊಳ್ಳಲು ದರ್ಜಿಯ ಬೆನ್ನು ಬೀಳುತ್ತಿದ್ದರು. ನನ್ನ ಹಳೆಯ ಲಂಗ ಅವರ ಸ್ಕರ್ಟಿಗಿಂತ ಚೆನ್ನಾಗಿ ಅರಳುತ್ತಿತ್ತು.

1958ರ ಕ್ರಿಸ್‌ಮಸ್ ವಾರದಲ್ಲಿ ಒಂದೇ ಒಂದು ಸಂಜೆ ನಿಜವಾದ ಡಾನ್ಸಿಗೆ ಹೋಗಿದ್ದೆ. ಮನೆಯಲ್ಲಿ ಹೇಳಿದ್ದು ಕ್ರಿಸ್‌ಮಸ್ ಕೇಕಿಗೆ ಕರೆದಿದ್ದಾರೆಂದು. ಹಲಗೆ ಹಾಸಿದ ನೆಲ, ಕಾಲು ಜಾರಲೆಂದು ಅದರ ಮೇಲೆ ಉದುರಿಸಿದ ಪೌಡರು, ಪಿಯಾನೋ, ಡ್ರಮ್ಮು, ಒಂದು ಸ್ಯಾಕ್ಸೋಫೋನು. ನನ್ನ ಗೆಳತಿಯ ಸೋದರತ್ತೆಯ ಮಗ ಬಂದು ಕೈ ಚಾಚಿದ. ಪರಪುರುಷನ ಕೈಯನ್ನು ನಾನು ಹಿಡಿದದ್ದು ಅದೇ ಮೊದಲು, ಮದುವೆಗೆ ಮುಂಚೆ ಅದೇ ಕೊನೆ. ರೋಮಾಂಚನದ ಕತೆ ಕೇಳಬೇಕೆಂದಿದ್ದವರಿಗೆ ನಿರಾಶೆಯಾಗಬಹುದು. ಅವನ ಮುಖ ನನಗೆ ನೆನಪಿಲ್ಲ. ನೆನಪಿರುವುದು ನನ್ನ ಮೈ. ನಾಲ್ಕು ಹಾಡು ಬಿಡದೆ ಕುಣಿದೆ. ಜಡೆ ಬಿಚ್ಚಿತು, ಬಳೆ ಎರಡು ಒಡೆದವು, ರವಿಕೆ ಬೆನ್ನಿಗೆ ಅಂಟಿತು, ಉಸಿರಿಗಾಗಿ ಕಿಟಕಿಯ ಹತ್ತಿರ ಓಡಿದೆ. ನಾನು ಇಷ್ಟು ಗಟ್ಟಿ, ಇಷ್ಟು ಹಗುರ, ಇಷ್ಟು ವೇಗದವಳು ಎಂದು ಅದುವರೆಗೆ ನನಗೆ ಯಾರೂ ಹೇಳಿರಲಿಲ್ಲ.

ಈಗ ಬುಗುರಿಯ ಮಾತು. ಎರಡೂ ಕಡೆ ಕುಣಿದವಳಾಗಿ ಹೇಳುತ್ತೇನೆ: ಬುಗುರಿಗೆ ಕಿವಿಯಿಲ್ಲ, ಕೈಯಿಲ್ಲ. ಜೈವಿನಲ್ಲಿ ಹೆಣ್ಣಿನ ಪಾತ್ರ ವಹಿಸುವವಳು ಎದುರಿನವನ ಅಂಗೈಯನ್ನು ಓದಬೇಕು. ಕೈ ಮೇಲಕ್ಕೆ ಹೋದರೆ ಸುತ್ತು, ಪಕ್ಕಕ್ಕೆ ಬಂದರೆ ಸ್ಥಳ ಬದಲು. ಅವನಿಗೆ ಮುಂದಿನ ಹೆಜ್ಜೆ ಮೊದಲೇ ಗೊತ್ತಿರುತ್ತದೆ. ಅವಳು ಗೊತ್ತಿಲ್ಲದೆಯೇ ಸರಿಯಾಗಿ ಇಡಬೇಕು. ಯಾವುದು ಕಷ್ಟ, ನೀವೇ ಹೇಳಿ. ಮತ್ತೆ ಇಬ್ಬರೂ ಹಿಂದಕ್ಕೆ ವಾಲಿ ಒಬ್ಬರ ಭಾರವನ್ನು ಇನ್ನೊಬ್ಬರು ಹಿಡಿದಿರಬೇಕು. ಬಾವಿಯಿಂದ ನೀರು ಸೇದಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ: ಹಗ್ಗ ಸಡಿಲವಾದರೆ ಕೊಡ ಮೇಲೆ ಬರುವುದಿಲ್ಲ. ಅವಳ ತೋಳಿನಲ್ಲಿ ಬಿಗಿ ಇಲ್ಲದಿದ್ದರೆ ಎಂಥ ಗಂಡಸೂ ಅವಳನ್ನು ತಿರುಗಿಸಲಾರ. ಗಂಡಾಗಿ ಕುಣಿದ ನಾನು ಹೇಳುವ ಮಾತಿದು. ನನ್ನ ಗೆಳತಿ ಬೇಸರವಾದಾಗ ತೋಳನ್ನು ಒದ್ದೆ ಬಟ್ಟೆಯಂತೆ ಬಿಟ್ಟುಬಿಡುತ್ತಿದ್ದಳು, ನಾನು ಕಂಬದ ಹಾಗೆ ನಿಲ್ಲುತ್ತಿದ್ದೆ.

ಸಂಸ್ಕೃತಿ ಇಲ್ಲದವರು ಹುಟ್ಟಿಸಿದ್ದು ಎಂಬ ಮಾತಂತೂ ನನ್ನ ಮೈ ಉರಿಸಿತು. ಈ ಕುಣಿತದ ಬೇರು ಇರುವುದು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ. ಕರಿಯ ಜನರ ಆ ಕೇರಿಯಲ್ಲಿ 1926ರಲ್ಲಿ ತೆರೆದ ಸವಾಯ್ ಬಾಲ್‌ರೂಮ್ ಎಂಬ ನೃತ್ಯಶಾಲೆಯಲ್ಲಿ ಬೆಳೆದ ಲಿಂಡಿ ಹಾಪ್ ಎಂಬುದೇ ಜೈವಿನ ತಾಯಿ. ಹಗಲೆಲ್ಲ ಪರರ ಮನೆಯ ನೆಲ ಒರೆಸಿದ ಹೆಂಗಸರೂ ರಾತ್ರಿ ಅಲ್ಲಿ ತಮ್ಮ ನೆಲ ಕಂಡುಕೊಂಡರು. ಕರಿಯರೂ ಬಿಳಿಯರೂ ಒಂದೇ ನೆಲದ ಮೇಲೆ ಕುಣಿಯಬಹುದಾಗಿದ್ದ ಅಪರೂಪದ ಜಾಗ ಅದು. ಅಲ್ಲಿ ಹುಡುಗಿಯಾಗಿ ಕುಣಿಯಲು ಶುರುಮಾಡಿದ ನಾರ್ಮಾ ಮಿಲ್ಲರ್ 99 ವರ್ಷ ಬಾಳಿ 2019ರಲ್ಲಿ ತೀರಿಕೊಂಡರು. ಮುಪ್ಪಿನಲ್ಲೂ ಕುಣಿತ ಹೇಳಿಕೊಡುತ್ತಿದ್ದರು. 1935ರ ಸುಮಾರಿಗೆ ಅಲ್ಲಿಯೇ ಫ್ರ್ಯಾಂಕಿ ಮ್ಯಾನಿಂಗ್ ಎಂಬಾತ ಜೊತೆಗಾತಿಯನ್ನು ಬೆನ್ನಿನ ಮೇಲಿಂದ ಉರುಳಿಸಿ ಮುಂದಕ್ಕೆ ಇಳಿಸಿದ. ಅವನ ಹೆಸರನ್ನು ಕುಣಿತ ಬಲ್ಲವರೆಲ್ಲ ಹೇಳುತ್ತಾರೆ. ಗಾಳಿಯಲ್ಲಿ ಉರುಳಿ, ತಾಳ ತಪ್ಪದೆ ಕಾಲೂರಿದವಳು ಫ್ರೀಡಾ ವಾಷಿಂಗ್ಟನ್. ಅವಳ ಹೆಸರು ಎಷ್ಟು ಮಂದಿಗೆ ಗೊತ್ತು? ಹೊರಿಸಿದವನ ಹೆಸರು ಉಳಿಯುತ್ತದೆ, ಹಾರಿದವಳದು ಹೋಗುತ್ತದೆ.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರು ಇದನ್ನು ಇಂಗ್ಲೆಂಡಿಗೆ ಒಯ್ದರು. ಜೈವ್ ಎಂಬ ಹೆಸರು ಅಲ್ಲಿ ನೆಲೆನಿಂತಿತು. ಯುದ್ಧಕಾಲದಲ್ಲಿ ಗಂಡಸರೇ ಕಡಿಮೆ, ಹೆಂಗಸರು ಹೆಂಗಸರೊಡನೆ ಕುಣಿದರು. ಹೀಗಾಗಿ ನಮ್ಮ ಸಮಾಜದ ಹುಡುಗಿಯರು ಕೇಳಿದ್ದೇನೂ ಹೊಸದಲ್ಲ. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲೂ 1943ರಿಂದ ಅಮೆರಿಕದ ವಿಮಾನಗಳ ದುರಸ್ತಿ ನಡೆಯುತ್ತಿತ್ತು. ನನ್ನ ಗೆಳತಿಯ ತಾಯಿ ದಂಡಿನಲ್ಲಿ ಈ ಹೆಜ್ಜೆ ಕಲಿತದ್ದು ಅಂಥ ಒಬ್ಬ ಸೈನಿಕನಿಂದಲೇ ಎಂದು ಹೇಳುತ್ತಿದ್ದರು.

ಆಮೇಲೆ 1950ರ ದಶಕದಲ್ಲಿ ರಾಕ್ ಅಂಡ್ ರೋಲ್ ಬಂತು, ಗಲಾಟೆಯೂ ಬಂತು. ಬಿಲ್ ಹೇಲಿಯ ಸಿನಿಮಾ ನೋಡಿ ಹುಡುಗ ಹುಡುಗಿಯರು ಕುರ್ಚಿಗಳ ನಡುವೆ ಕುಣಿದರೆಂದು 1956ರಲ್ಲಿ ಇಂಗ್ಲೆಂಡಿನ ಕೆಲವು ಊರುಗಳು ಆ ಚಿತ್ರವನ್ನೇ ನಿಷೇಧಿಸಿದವು. 1957ರಲ್ಲಿ ಅಮೆರಿಕದ ಒಂದು ಟೆಲಿವಿಷನ್ ಕಾರ್ಯಕ್ರಮದಲ್ಲಿ ಫ್ರ್ಯಾಂಕಿ ಲೈಮನ್ ಎಂಬ ಕರಿಯ ಗಾಯಕ ಬಿಳಿಯ ಹುಡುಗಿಯೊಬ್ಬಳ ಜೊತೆ ಕುಣಿದ. ಇನ್ನೂ ಹದಿಹರೆಯದ ಹುಡುಗ ಅವನು. ಎಂಥ ಕೋಲಾಹಲವಾಯಿತೆಂದರೆ ಆ ಕಾರ್ಯಕ್ರಮವೇ ನಿಂತುಹೋಯಿತು. ಅಶ್ಲೀಲವೆಂದು ಕೂಗಿದವರಿಗೆ ಸೊಂಟದ ಚಿಂತೆ ಎಷ್ಟಿತ್ತೋ ಕಾಣೆ. ಯಾರ ಕೈಯನ್ನು ಯಾರು ಹಿಡಿದರು ಎಂಬ ಚಿಂತೆಯಂತೂ ಬಹಳವಿತ್ತು. ಜಾತಿ ನೋಡಿ ಪಂಕ್ತಿ ಹಾಕುವ ನಾಡಿನಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದು ನಮ್ಮದಲ್ಲ ಎಂದರೆ ಒಪ್ಪುತ್ತೇನೆ. ಕಂಡದ್ದಕ್ಕೆಲ್ಲ ಪುರಾಣದಲ್ಲಿ ಬೇರು ಹುಡುಕುವ ಚಾಳಿ ನನಗಿಲ್ಲ. ಹುಳಿಗೆ ಹಾಕುವ ಮೆಣಸಿನಕಾಯಿಯೂ ಅಮೆರಿಕದಿಂದ ಬಂದದ್ದೇ. ಆ ಡಾನ್ಸುಗಳೇನೂ ಸ್ವರ್ಗವಾಗಿರಲಿಲ್ಲವೆಂಬುದನ್ನೂ ಒಪ್ಪುತ್ತೇನೆ. ದೊರೆಗಳ ಕ್ಲಬ್ಬಿನ ಮೆಟ್ಟಿಲು ನಮ್ಮಂಥವರಿಗೆ ಇರಲಿಲ್ಲ. ಮಣಿಕಟ್ಟು ಉಳುಕುವಂತೆ ಎಳೆಯುವ ಒರಟರಿದ್ದರು, ಕುಡಿದು ಮೈಮೇಲೆ ಬೀಳುವವರಿದ್ದರು. ಹುಡುಗ ಬಂದು ಕೇಳುವವರೆಗೆ ಹುಡುಗಿ ಗೋಡೆಗೆ ಒರಗಿ ಕಾಯಬೇಕಿತ್ತು. ಕರೆಯುವವರಿಲ್ಲದೆ ಇಡೀ ಸಂಜೆ ಕೈಚೀಲ ಹಿಚುಕುತ್ತ ಕೂತ ಒಬ್ಬ ದಪ್ಪ ಹುಡುಗಿಯ ಮುಖ ನನಗೆ, ನನ್ನ ಜೊತೆಗಾರನ ಮುಖ ಮರೆತರೂ, ಮರೆತಿಲ್ಲ.

ಆದರೆ ನಮ್ಮವರ ಆಕ್ಷೇಪಣೆ ಇದಾವುದೂ ಅಲ್ಲ. ನಮ್ಮವರಿಗೆ ಸಹಿಸದಿರುವುದು ಹೆಂಗಸಿನ ಒಂದು ಬಗೆಯ ಬೆವರು. ಒಲೆ ಊದಿ ಬೆವೆತರೆ ಗೃಹಿಣಿ, ಬಾಣಂತಿತನ ಮಾಡಿ ಬೆವೆತರೆ ಮಹಾತಾಯಿ, ಮದುವೆಮನೆಯಲ್ಲಿ ನೂರೆಲೆ ಬಡಿಸಿ ಬೆವೆತರೆ ಎಂಥ ಗಟ್ಟಿಗಿತ್ತಿ ಎಂಬ ಶಹಭಾಸ್. ತನ್ನ ಖುಷಿಗಾಗಿ ಬೆವೆತರೆ ಮಾತ್ರ ಅವಳು ಕೆಟ್ಟವಳು. ಈಗಿನ ಮದುವೆಗಳಲ್ಲಿ ಕುಣಿಯುತ್ತಾರಲ್ಲ ಎನ್ನಬೇಡಿ. ಮೇಷ್ಟರನ್ನಿಟ್ಟು ಹದಿನೈದು ದಿನ ಕಲಿತು, ಕ್ಯಾಮರಾ ನೋಡಿ ಮೂರು ನಿಮಿಷ ಕೈ ಆಡಿಸಿ, ಬಣ್ಣ ಕೆಡುವ ಮೊದಲೇ ಇಳಿದುಬಿಡುವುದು ಅದು. ನಾನು ಹೇಳುತ್ತಿರುವುದು ನೋಡುವವರೇ ಇಲ್ಲದ ಕುಣಿತ.

ನನ್ನ ತಾಯಿಗೆ ಆ ಡಾನ್ಸಿನ ಸುದ್ದಿ ಮೂರೇ ದಿನದಲ್ಲಿ ಮುಟ್ಟಿತು. ಹೊಡೆದರು. ಲೆಕ್ಕ ಕಲಿಯುವುದು ನಿಂತಿತು. 1960ರಲ್ಲಿ ನನ್ನ ಮದುವೆಯಾಯಿತು, ಅದಾದ ಕೆಲವು ವರ್ಷಕ್ಕೆ ಗೆಳತಿಯ ಸಂಸಾರ ಆಸ್ಟ್ರೇಲಿಯಾಕ್ಕೆ ಹೋಯಿತು. ಹೊಡೆದ ಆ ರಾತ್ರಿ, ದೀಪ ಆರಿಸಿದ ಮೇಲೆ, ಅಮ್ಮ ನನ್ನ ಪಕ್ಕದಲ್ಲೇ ಮಲಗಿದ್ದರು. ಇಬ್ಬರಿಗೂ ನಿದ್ದೆಯಿಲ್ಲ. ಬಹಳ ಹೊತ್ತಿನ ಮೇಲೆ ಮೆಲ್ಲಗೆ, "ಹಂಗೆ ಸುತ್ತೋವಾಗ ತಲೆ ತಿರುಗಲ್ವೇನೇ?" ಎಂದು ಕೇಳಿದರು. "ಇಲ್ಲಮ್ಮ, ಒಂದೇ ಕಡೆ ನೋಡ್ತಿದ್ರೆ ತಿರುಗಲ್ಲ" ಎಂದೆ. "ಹೂಂ" ಎಂದು ಮಗ್ಗುಲಾದರು.

ಆ ತಾಯಿಯನ್ನು ದೂರುವುದಕ್ಕೆ ನನಗೆ ಬಾಯಿಲ್ಲ. 1984ರಲ್ಲಿ ನನ್ನ ಮಗಳು ಕಾಲೇಜ್ ಡೇಗೆ ಗೆಳತಿಯರ ಜೊತೆ ಕುಣಿಯುತ್ತೇನೆಂದು ಕೇಳಿದಳು. ಮರ್ಯಾದಸ್ಥರ ಮನೆಯ ಹುಡುಗಿ ನೀನು ಎಂದೆ. ಮೊನ್ನೆ ಸಭೆಯಲ್ಲಿ ಕೇಳಿದ್ದು ನನ್ನದೇ ಮಾತು. ಮೂರು ದಿನ ಊಟ ಬಿಟ್ಟಿದ್ದಳು ಆ ಹುಡುಗಿ. ಆಮೇಲೆ ಏನನ್ನೂ ಕೇಳಲಿಲ್ಲ, ಕುಣಿಯಲೂ ಇಲ್ಲ. ಬ್ಯಾಂಕಿನಲ್ಲಿ ದುಡಿದು ಈಗ ನಿವೃತ್ತಳಾಗಿ ನನ್ನ ಜೊತೆಗೇ ಇದ್ದಾಳೆ.

ಸಭೆಯಿಂದ ಬಂದ ರಾತ್ರಿ ಅವಳಿಗೆ ಎಲ್ಲ ಹೇಳಿದೆ. "ಅಮ್ಮ, ನೀನಾ?" ಎಂದು ನಕ್ಕಳು. ಆಮೇಲೆ ನಗು ನಿಂತಿತು. "ಮತ್ತೆ ನನಗ್ಯಾಕೆ ಬೇಡ ಅಂದೆ?" ಎಂದಳು. ಉತ್ತರ ನನ್ನಲ್ಲಿರಲಿಲ್ಲ, ಈಗಲೂ ಇಲ್ಲ. ಎದ್ದು ಅಡಿಗೆಮನೆಗೆ ಹೋದಳು, ಪಾತ್ರೆಗಳ ಸದ್ದು ಬೇಕಾದ್ದಕ್ಕಿಂತ ಜೋರಾಗಿಯೇ ಕೇಳಿಸಿತು. ಸ್ವಲ್ಪ ಹೊತ್ತಿಗೆ ಸೆರಗಿಗೆ ಕೈ ಒರೆಸಿಕೊಂಡು ಬಂದು ಟೀಪಾಯಿಯನ್ನು ಗೋಡೆಗೆ ಸರಿಸಿದಳು.

"ಎಲ್ಲಿ, ತೋರಿಸು. ನಾನು ಗಂಡೋ ಹೆಣ್ಣೋ?"

"ನೀನು ಹೆಣ್ಣು. ನನಗೆ ಚೆನ್ನಾಗಿ ಬರೋದು ಗಂಡಿಂದೇ."

ಅವಳಿಗೆ ಮಂಡಿ ನೋವು, ನನಗೆ ಸೊಂಟ. ಆರರ ಲೆಕ್ಕ ನಾಲ್ಕು ಸಲ ಸರಿಯಾಗಿ ಬಂತು, ಐದನೆಯದಕ್ಕೆ ಇಬ್ಬರೂ ಸೋಫಾದ ಮೇಲೆ ಕುಸಿದೆವು. ಬೆವೆತಿದ್ದೆವು. ಕಮಿಟಿ ಶುಕ್ರವಾರ ಮತ್ತೆ ಸೇರುತ್ತದೆ. ಹೆಸರು ಕೊಟ್ಟವರ ಪಟ್ಟಿಯಲ್ಲಿ ನಮ್ಮ ಜೋಡಿಯೂ ಇದೆ. ಸಮಾಜದ ಹಾಲಿನ ಮೊಸಾಯಿಕ್ ನೆಲ ಜಾರುತ್ತದೆಂದು ಯಾರಾದರೂ ಜಮಖಾನ ಹಾಸಲು ಹೊರಟರೆ ದಯವಿಟ್ಟು ತಡೆಯಿರಿ. ಜಮಖಾನದ ಮೇಲೆ ಪಾದ ತಿರುಗುವುದಿಲ್ಲ.