ಬಸುರಿಯ ಹಲ್ಲುನೋವಿಗೆ ಒಂಬತ್ತು ತಿಂಗಳ ರಜೆ ಇಲ್ಲ

“ಬಸುರಿಯ ಹಲ್ಲಿಗೆ ಕೈ ಹಾಕಿಸಬಾರದು” ಎಂಬ ಒಂದು ಮಾತು ನಮ್ಮ ಪುತ್ತೂರು, ಸುಳ್ಯ, ಕಡಬ ಮೂರು ತಾಲೂಕುಗಳಲ್ಲೂ ಕಾನೂನಿನ ಹಾಗೆ ನಡೆಯುತ್ತಾ ಬಂದಿದೆ. ತುಳುವಿನಲ್ಲಿ ಹೇಳುವವರು ಉಂಟು, ಅರೆಭಾಷೆಯಲ್ಲಿ ಹೇಳುವವರು ಉಂಟು, ಬ್ಯಾರಿ ಭಾಷೆಯಲ್ಲಿ, ಹವ್ಯಕರ ಕನ್ನಡದಲ್ಲಿ ಹೇಳುವವರೂ ಉಂಟು. ಭಾಷೆ ಬೇರೆ, ಹೆದರಿಕೆ ಒಂದೇ. ಈ ಕಾನೂನನ್ನು ಯಾವ ವಿಧಾನಸಭೆಯೂ ಮಾಡಿದ್ದಲ್ಲ. ಆದರೂ ಪಾಲಿಸುವವರಿಗೆ ಕೊರತೆ ಇಲ್ಲ. ಅತ್ತೆ ಹೇಳುತ್ತಾರೆ, ನೆರೆಮನೆಯ ಅಕ್ಕ ಹೇಳುತ್ತಾರೆ, ಮೆಡಿಕಲ್ ಅಂಗಡಿಯ ಹುಡುಗ ಹೇಳುತ್ತಾನೆ. ಬೇಸರದ ಸಂಗತಿ ಎಂದರೆ, ಒಮ್ಮೊಮ್ಮೆ ಬಿಳಿ ಕೋಟು ಹಾಕಿದವರೂ “ಹೆರಿಗೆ ಆಗಲಿ, ಮತ್ತೆ ಬನ್ನಿ” ಎಂದು ಹೇಳಿ ಕಳಿಸಿಬಿಡುತ್ತಾರೆ.

ಹಾಗಾದರೆ ಹಲ್ಲುನೋವು ಹೆರಿಗೆವರೆಗೆ ಕಾಯುತ್ತದಾ ಮಾರಾಯ್ರೆ?

ಕೊಲ್ಲಮೊಗ್ರವೋ ಬಿಳಿನೆಲೆಯೋ, ಯಾವುದೋ ಒಂದು ಊರು ಎಂದು ಇಟ್ಟುಕೊಳ್ಳಿ. ಐದು ತಿಂಗಳ ಬಸುರಿಗೆ ನಡುರಾತ್ರಿ ದವಡೆ ಹಲ್ಲು ಸಿಡಿಯಲಿಕ್ಕೆ ಶುರು. ಮೊದಲ ದಿನ ಲವಂಗ. ಎರಡನೇ ದಿನ ಉಪ್ಪುನೀರು. ಮೂರನೇ ದಿನ ಯಾರೋ ಹೇಳಿದರು ಎಂದು ಹೊಗೆಸೊಪ್ಪಿನ ಚೂರು. ನಾಲ್ಕನೇ ದಿನ ಗಂಡ ಪೇಟೆಗೆ ಹೋಗಿ “ಹಲ್ಲುನೋವಿಗೆ ಒಂದು ಮಾತ್ರೆ ಕೊಡಿ” ಎಂದು ತರುತ್ತಾನೆ. ಯಾರಿಗೆ ಎಂದು ಅವನು ಹೇಳುವುದಿಲ್ಲ, ಅಂಗಡಿಯವರು ಕೇಳುವುದೂ ಇಲ್ಲ. ಮಾತ್ರೆ ನುಂಗಿದರೆ ನೋವು ಎರಡು ದಿನ ಕಡಿಮೆ, ಮೂರನೇ ದಿನ ಕೆನ್ನೆ ಊದಿ ಬರುತ್ತದೆ. ಆಗ ಮತ್ತೆ ಮಾತ್ರೆ. ಇದು ಒಬ್ಬಿಬ್ಬರ ಕಥೆ ಅಲ್ಲ, ಹತ್ತು ಮನೆ ತಿರುಗಿದರೆ ಒಂದು ಮನೆಯಲ್ಲಾದರೂ ಕೇಳಲಿಕ್ಕೆ ಸಿಗುವ ಕಥೆ.

ಇಲ್ಲಿರುವ ವಿಚಿತ್ರವನ್ನು ಓದುಗರು ಗಮನಿಸಬೇಕು. ಹಲ್ಲಿನ ಡಾಕ್ಟ್ರ ಒಂದು ಇಂಜೆಕ್ಷನ್ನಿಗೆ ಹೆದರಿದ ಮನೆಯವರು, ಹೆಸರೂ ಗೊತ್ತಿಲ್ಲದ ಮಾತ್ರೆಯನ್ನು ಹೆದರದೆ ನುಂಗಿಸುತ್ತಾರೆ. ನಿಜವಾಗಿ ಹೆದರಬೇಕಾದದ್ದು ಎರಡನೆಯದಕ್ಕೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ನೋವಿನ ಮಾತ್ರೆಗಳನ್ನು 20 ವಾರ ಕಳೆದ ಬಸುರಿಯರು ಡಾಕ್ಟ್ರು ಹೇಳದೆ ತೆಗೆದುಕೊಳ್ಳಬಾರದು ಎಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2020ರಲ್ಲಿ ಎಚ್ಚರಿಕೆ ಕೊಟ್ಟಿತು. ಕಾರಣ, ಹೊಟ್ಟೆಯೊಳಗಿನ ಮಗುವಿನ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದು ಗರ್ಭದ ನೀರು ಕಡಿಮೆ ಆಗಬಹುದು. ನಿಮೆಸುಲೈಡ್ ಬಸುರಿಗೆ ಸಲ್ಲುವುದೇ ಇಲ್ಲ. ಟೆಟ್ರಾಸೈಕ್ಲಿನ್, ಡಾಕ್ಸಿಸೈಕ್ಲಿನ್ ಜಾತಿಯ ಔಷಧವಾದರೆ ಹುಟ್ಟುವ ಮಗುವಿನ ಹಲ್ಲು ಬಣ್ಣಗೆಟ್ಟು ಬರಬಹುದು. ತಾಯಿಯ ಹಲ್ಲನ್ನು ಮುಟ್ಟಿಸಲಿಕ್ಕೆ ಹೆದರಿ ಮಗುವಿನ ಹಲ್ಲನ್ನು ಹಾಳು ಮಾಡಿದ ಹಾಗಾಯಿತು! ಹೊಗೆಸೊಪ್ಪಿನ ಕಥೆಯೂ ಅಷ್ಟೇ. ದವಡೆಯಲ್ಲಿ ಇಟ್ಟದ್ದು ದವಡೆಯಲ್ಲೇ ನಿಲ್ಲುವುದಿಲ್ಲ, ಅದರ ವಿಷ ರಕ್ತಕ್ಕೆ ಸೇರಿ ಮಗುವಿನವರೆಗೆ ಹೋಗುತ್ತದೆ.

ಪ್ಯಾರಾಸಿಟಮಾಲ್ ಉಂಟು, ಹೇಳಿದ ಪ್ರಮಾಣದಲ್ಲಿ ಬಸುರಿಯರಿಗೂ ಕೊಡುತ್ತಾರೆ. ಕೀವು ಆದರೆ ಅಮೊಕ್ಸಿಸಿಲಿನ್‌ನಂತಹ ಔಷಧವನ್ನು ಡಾಕ್ಟ್ರೇ ಬರೆದು ಕೊಡುತ್ತಾರೆ. ಆದರೆ ನೆನಪಿಡಿ, ಯಾವ ಮಾತ್ರೆಯೂ ಹಲ್ಲಿನ ತೂತು ಮುಚ್ಚುವುದಿಲ್ಲ. ಬೇರಿನ ಬುಡದಲ್ಲಿ ಕೀವು ಕೂತಿದ್ದರೆ ಅದನ್ನು ಹೊರಗೆ ತೆಗೆಯಲೇಬೇಕು. ಇಲ್ಲದಿದ್ದರೆ ಅದು ದವಡೆಯ ಅಡಿಗೆ, ಕುತ್ತಿಗೆಗೆ ಇಳಿದು ಉಸಿರಿಗೇ ಸಂಚಕಾರ ತರುವುದುಂಟು.

ಇನ್ನು ಹಲ್ಲಿನ ಡಾಕ್ಟ್ರಲ್ಲಿ ನಡೆಯುವುದು ಎಂತ ಎಂದು ನೋಡುವ. ಮರಗಟ್ಟಿಸಲಿಕ್ಕೆ ಕೊಡುವ ಲಿಗ್ನೋಕೇನ್ ಇಂಜೆಕ್ಷನ್ ಆ ಹಲ್ಲಿನ ಸುತ್ತ ಕೆಲಸ ಮಾಡುವಂಥದ್ದು, ಪೂರ್ತಿ ಮೈಗೆ ಮತ್ತು ಬರಿಸುವಂಥದ್ದಲ್ಲ. ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಬಸುರಿಗೆ ತೊಂದರೆ ಇಲ್ಲ. ಎಕ್ಸ್‌ರೇ ಎಂದ ಕೂಡಲೇ ಮನೆಯವರೆಲ್ಲ ಎದ್ದು ನಿಲ್ಲುತ್ತಾರೆ. ಒಂದು ಹಲ್ಲಿನ ಸಣ್ಣ ಎಕ್ಸ್‌ರೇಯಿಂದ ಮೈಗೆ ಬೀಳುವ ಕಿರಣ, ನಾವೆಲ್ಲ ನೆಲದಿಂದ, ಆಕಾಶದಿಂದ ಸುಮ್ಮನೆ ಕೂತಲ್ಲೇ ಒಂದೆರಡು ದಿನದಲ್ಲಿ ಪಡೆಯುವಷ್ಟು. ಅದೂ ಹೋಗುವುದು ದವಡೆಗೆ, ಹೊಟ್ಟೆಗೆ ಅಲ್ಲ. ಬೇಕಾದರೆ ಸೀಸದ ಏಪ್ರನ್ ಹಾಕಿಸಿಕೊಳ್ಳಬಹುದು. ಅಗತ್ಯ ಇದ್ದರೆ ತೆಗೆಸಬೇಕು, ಅಗತ್ಯ ಇಲ್ಲದಿದ್ದರೆ ಬೇಡ. ಲೆಕ್ಕ ಅಷ್ಟೇ.

ಇದು ಬರೇ ಬಾಯಿಮಾತಲ್ಲ. ಅಮೆರಿಕದಲ್ಲಿ ಒಸಡಿನ ರೋಗ ಇದ್ದ 823 ಮಂದಿ ಬಸುರಿಯರನ್ನು ಎರಡು ಪಾಲು ಮಾಡಿ, ಒಂದು ಪಾಲಿನವರಿಗೆ ನಾಲ್ಕೈದು ತಿಂಗಳಲ್ಲಿ ಒಸಡಿನ ಚಿಕಿತ್ಸೆ ಕೊಟ್ಟು, ಇನ್ನೊಂದು ಪಾಲಿನವರಿಗೆ ಹೆರಿಗೆ ಆದ ಮೇಲೆ ಕೊಟ್ಟು ನೋಡಿದರು. 2006ರಲ್ಲಿ ಅದರ ಫಲಿತಾಂಶ ಅಚ್ಚಾಯಿತು. ಚಿಕಿತ್ಸೆಯಿಂದ ಅವಧಿಗೆ ಮುಂಚಿನ ಹೆರಿಗೆ ಕಡಿಮೆಯೇನೂ ಆಗಲಿಲ್ಲ, ಅದನ್ನೂ ಮುಚ್ಚಿಡದೆ ಹೇಳಬೇಕು. ಆದರೆ ಚಿಕಿತ್ಸೆಯಿಂದ ತಾಯಿಗಾಗಲಿ ಮಗುವಿಗಾಗಲಿ ಹಾನಿ ಕಂಡುಬರಲಿಲ್ಲ, ಒಸಡು ಗುಣವಾಯಿತು. 2013ರಲ್ಲಿ ಅಲ್ಲಿನ ಹೆರಿಗೆ ತಜ್ಞರ ಸಂಸ್ಥೆಯೇ, ಹಲ್ಲಿನ ಚಿಕಿತ್ಸೆ, ಎಕ್ಸ್‌ರೇ, ಮರಗಟ್ಟಿಸುವ ಇಂಜೆಕ್ಷನ್ ಬಸುರಿಯರಿಗೆ ಸುರಕ್ಷಿತ ಎಂದು ತನ್ನ ಡಾಕ್ಟ್ರುಗಳಿಗೆ ತಿಳಿಸಿತು. ಹೆರಿಗೆ ಡಾಕ್ಟ್ರುಗಳೇ ಆಗಬಹುದು ಎಂದ ಮೇಲೆ ತಡೆಯಲಿಕ್ಕೆ ನಾವು ಯಾರು?

ಯಾವ ತಿಂಗಳು ಒಳ್ಳೆಯದು ಎಂದು ಕೇಳುವವರಿಗೆ ಉತ್ತರ: ನಾಲ್ಕರಿಂದ ಆರು ತಿಂಗಳು ಅನುಕೂಲ. ಮೊದಲ ಮೂರು ತಿಂಗಳು ವಾಂತಿ, ಸುಸ್ತು. ಕೊನೆಯ ಮೂರು ತಿಂಗಳು ಹೊಟ್ಟೆಯ ಭಾರ, ಅಂಗಾತ ಮಲಗಿದರೆ ರಕ್ತನಾಳ ಒತ್ತಿಹೋಗಿ ತಲೆ ತಿರುಗಬಹುದು. ಆಗ ಬಲ ಸೊಂಟದ ಅಡಿಗೆ ಒಂದು ದಿಂಬು ಕೊಟ್ಟು ಎಡಕ್ಕೆ ಸ್ವಲ್ಪ ಓರೆಯಾಗಿ ಮಲಗಿಸಿದರೆ ಆಯಿತು. ಆದರೆ ನೋವು, ಕೀವು, ಬಾವು ಇದ್ದರೆ ತಿಂಗಳು ಎಣಿಸುತ್ತಾ ಕೂರಲಿಕ್ಕಿಲ್ಲ. ಒಂದನೇ ತಿಂಗಳಾದರೂ ಸರಿ, ಒಂಬತ್ತನೇ ತಿಂಗಳಾದರೂ ಸರಿ, ಅದೇ ದಿನ ಹೋಗಬೇಕು. ಹಲ್ಲು ಬೆಳ್ಳಗೆ ಮಾಡಿಸುವುದು, ಹೊಸದಾಗಿ ತಂತಿ ಕಟ್ಟಿಸುವುದು, ಇಂಪ್ಲಾಂಟ್ ಕೂರಿಸುವುದು, ನೋವೇ ಇಲ್ಲದ ಬುದ್ಧಿಹಲ್ಲು ಕೀಳಿಸುವುದು, ಇವು ಕಾಯಬಹುದು. ಪಾದರಸ ಸೇರಿದ ಬೆಳ್ಳಿ ಬಣ್ಣದ ಫಿಲ್ಲಿಂಗನ್ನು ಬಸುರಿಯರಿಗೆ ಹಾಕುವುದು ಬೇಡ ಎಂಬುದು ಈಗಿನ ಪದ್ಧತಿ. ಬದಲಿಗೆ ಬೇರೆ ಫಿಲ್ಲಿಂಗ್ ಇವೆ. ಉಳಿದಂತೆ ಕ್ಲೀನಿಂಗ್, ಫಿಲ್ಲಿಂಗ್, ರೂಟ್ ಕೆನಾಲ್, ಹಲ್ಲು ಕೀಳುವುದು, ಯಾವುದಕ್ಕೂ ಬಸಿರು ಅಡ್ಡಿ ಅಲ್ಲ.

ಒಂದು ಹೆರಿಗೆಗೆ ಒಂದು ಹಲ್ಲು ಹೋಗುವುದೇ, ಮಗು ತಾಯಿಯ ಹಲ್ಲಿನ ಸುಣ್ಣ ಎಳೆದುಕೊಳ್ಳುತ್ತದೆ ಎಂಬ ಇನ್ನೊಂದು ನಂಬಿಕೆ ಉಂಟು. ಪಾಪ, ಮಗುವಿನ ಮೇಲೆ ಸುಳ್ಳು ಆರೋಪ! ಮಗುವಿಗೆ ಬೇಕಾದ ಸುಣ್ಣದಂಶ ತಾಯಿಯ ಊಟದಿಂದ, ಸಾಲದಿದ್ದರೆ ಎಲುಬಿನಿಂದ ಹೋಗುತ್ತದೆ, ಹಲ್ಲಿನಿಂದ ಅಲ್ಲ. ಹಲ್ಲು ಹಾಳಾಗುವ ಕಾರಣವೇ ಬೇರೆ. ವಾಂತಿಯ ಹುಳಿ ಹಲ್ಲಿನ ಮೇಲ್ಪದರ ತಿನ್ನುತ್ತದೆ. ಬಯಕೆ ಎಂದು ಗಳಿಗೆಗೊಮ್ಮೆ ಮಾವಿನಕಾಯಿ, ಬಿಂಬುಳಿ, ಸಿಹಿತಿಂಡಿ ಬಾಯಿಗೆ ಹೋಗುತ್ತದೆ. ಹಾರ್ಮೋನಿನ ಏರುಪೇರಿನಿಂದ ಒಸಡು ಊದಿ ರಕ್ತ ಬರುತ್ತದೆ. ರಕ್ತ ಕಂಡ ಕೂಡಲೇ ಹೆದರಿ ಬ್ರಷ್ ಮಾಡುವುದನ್ನೇ ಬಿಡುತ್ತಾರೆ, ಒಸಡು ಮತ್ತೂ ಕೆಡುತ್ತದೆ. ಮಾಡಬೇಕಾದದ್ದು ಇದರ ಉಲ್ಟಾ. ಮೆದು ಬ್ರಷ್ಷಿನಲ್ಲಿ ದಿನಕ್ಕೆರಡು ಸಲ ತಿಕ್ಕಬೇಕು. ವಾಂತಿ ಆದ ಕೂಡಲೇ ಹಲ್ಲು ಉಜ್ಜಬಾರದು. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಮುಕ್ಕಳಿಸಿ, ಅರ್ಧ ಗಂಟೆ ಕಳೆದು ಉಜ್ಜಬೇಕು. ಇದಕ್ಕೆ ಖರ್ಚು ಎಷ್ಟು? ಎಂತದ್ದೂ ಇಲ್ಲ.

ಇನ್ನು ನಮ್ಮ ಊರಿನ ಲೆಕ್ಕಕ್ಕೆ ಬರುವ. ಈ ಜಿಲ್ಲೆ ಹಲ್ಲಿನ ಡಾಕ್ಟ್ರುಗಳಿಗೆ ಬರಗಾಲದ ಜಿಲ್ಲೆ ಅಲ್ಲವೇ ಅಲ್ಲ. ದೇರಳಕಟ್ಟೆಯಲ್ಲಿ 1985ರಿಂದ ದಂತ ಕಾಲೇಜು ಉಂಟು, ಮಂಗಳೂರಿನಲ್ಲಿ 1987ರಿಂದ ಉಂಟು. ಅಷ್ಟು ದೂರ ಯಾಕೆ, ಕುರುಂಜಿ ವೆಂಕಟ್ರಮಣ ಗೌಡರು 1991ರಲ್ಲಿ ಸುಳ್ಯದಲ್ಲೇ ದಂತ ಕಾಲೇಜು ತಂದು ಕೂರಿಸಿದರು. ಎಲ್ಲೆಲ್ಲಿಂದಲೋ ಮಕ್ಕಳು ಸುಳ್ಯಕ್ಕೆ ಬಂದು ಹಲ್ಲಿನ ವಿದ್ಯೆ ಕಲಿತು ಹೋಗುತ್ತಾರೆ. ಅಲ್ಲಿಗೆ ಬಸ್ಸಿನಲ್ಲಿ ಒಂದೆರಡು ತಾಸಿನ ದಾರಿಯಲ್ಲಿರುವ ಬಸುರಿ ಹೆಂಗಸು ಲವಂಗ ಕಚ್ಚಿಕೊಂಡು ಮನೆಯಲ್ಲಿ ಕೂತಿರುತ್ತಾಳೆ. ದೀಪದ ಬುಡದಲ್ಲಿ ಕತ್ತಲೆ ಎಂದರೆ ಇದೇ.

ಕೂತಿರುವುದಕ್ಕೆ ಹೆದರಿಕೆ ಒಂದೇ ಕಾರಣ ಅಲ್ಲ, ಅಲೆದಾಟವೂ ಕಾರಣ. ಹಲ್ಲಿನ ಡಾಕ್ಟ್ರು “ಹೆರಿಗೆ ಡಾಕ್ಟ್ರ ಚೀಟಿ ತನ್ನಿ” ಎನ್ನುತ್ತಾರೆ. ಹೆರಿಗೆ ಡಾಕ್ಟ್ರು ಇರುವುದು ಪುತ್ತೂರಿನಲ್ಲಿ, ಹಲ್ಲಿನ ಡಾಕ್ಟ್ರು ಇರುವುದು ಇನ್ನೊಂದು ಕಡೆ, ಮನೆ ಇರುವುದು ಕಡಬದ ಆಚೆ ಬಸ್ಸಿಳಿದು ಗುಡ್ಡ ಹತ್ತುವಲ್ಲಿ. ಚೀಟಿಗೆ ಒಂದು ದಿನ, ಹಲ್ಲಿಗೆ ಒಂದು ದಿನ, ಜತೆಗೆ ಬರುವ ಗಂಡನಿಗೆ ಎರಡು ದಿನದ ಸಂಬಳ ಖೋತಾ. ರಕ್ತದೊತ್ತಡ, ಹೃದಯದ ತೊಂದರೆ, ರಕ್ತ ತೆಳು ಮಾಡುವ ಔಷಧ, ಗರ್ಭದಲ್ಲಿ ರಕ್ತಸ್ರಾವ, ಇಂಥದ್ದು ಇದ್ದರೆ ಚೀಟಿ ಬೇಕು, ಒಪ್ಪುವ. ಆರೋಗ್ಯವಾಗಿರುವವಳ ಒಂದು ಫಿಲ್ಲಿಂಗಿಗೂ ಚೀಟಿ ಯಾಕೆ? ಸಂಶಯ ಇದ್ದರೆ ಡಾಕ್ಟ್ರು ಡಾಕ್ಟ್ರಿಗೆ ಒಂದು ಫೋನು ಮಾಡಬಹುದಲ್ಲ? ಎಲ್ಲರ ಕಿಸೆಯಲ್ಲೂ ಮೊಬೈಲ್ ಉಂಟು.

“ಹೆರಿಗೆ ಆದ ಮೇಲೆ” ಎಂಬ ಮಾತಿನ ಬೆಲೆ ಎಷ್ಟು ಎಂದು ತಾಯಂದಿರನ್ನೇ ಕೇಳಿ. ಹೆರಿಗೆ ಆದ ಮೇಲೆ ಬಾಣಂತನ. ಅದು ಮುಗಿಯುವಾಗ ಮಗುವಿಗೆ ಹಾಲು, ನಿದ್ದೆಗೇಡು, ಮಗುವನ್ನು ಹಿಡಿದುಕೊಳ್ಳಲಿಕ್ಕೆ ಜನ ಇಲ್ಲ. ಮುಂದೂಡಿದ ಹಲ್ಲು ಎರಡು ವರ್ಷ ಮುಂದೆ ಹೋಗುತ್ತದೆ. ಫಿಲ್ಲಿಂಗಿನಲ್ಲಿ ಮುಗಿಯುತ್ತಿದ್ದದ್ದು ರೂಟ್ ಕೆನಾಲಿಗೆ ಬರುತ್ತದೆ, ರೂಟ್ ಕೆನಾಲಿನಲ್ಲಿ ಉಳಿಯುತ್ತಿದ್ದ ಹಲ್ಲನ್ನು ಕೀಳಬೇಕಾಗುತ್ತದೆ. ಮೇಲಿಂದ, ತಾಯಿಯ ಬಾಯಲ್ಲಿರುವ ಹುಳುಕಿನ ಕ್ರಿಮಿ ಒಂದೇ ಚಮಚದಲ್ಲಿ ತಿನ್ನಿಸುವಾಗ ಮಗುವಿಗೂ ದಾಟುತ್ತದೆ.

ಹಾಗಾದರೆ ಆಗಬೇಕಾದದ್ದು ಏನು? ಹೊಸ ಯೋಜನೆ, ಹೊಸ ಕಟ್ಟಡ, ಶಂಕುಸ್ಥಾಪನೆ ಯಾವುದೂ ಬೇಡ. 2016ರಿಂದ ದೇಶದಾದ್ಯಂತ ಪ್ರತಿ ತಿಂಗಳ 9ನೇ ತಾರೀಕಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ಉಚಿತ ತಪಾಸಣೆ ನಡೆಯುತ್ತಿದೆ. ರಕ್ತ ನೋಡುತ್ತಾರೆ, ಒತ್ತಡ ನೋಡುತ್ತಾರೆ, ತೂಕ ನೋಡುತ್ತಾರೆ. ಅದೇ ದಿನ ಬಾಯಿ ತೆರೆಸಿ ಹಲ್ಲು ನೋಡಲಿಕ್ಕೆ ಎರಡು ನಿಮಿಷ ಸಾಕು. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ. ಎಂದರೆ ಬಸುರಿಯರು ಆಸ್ಪತ್ರೆಯ ಬಾಗಿಲಿಗೆ ಬರುತ್ತಿದ್ದಾರೆ. ಬಂದವರ ಹಲ್ಲು ನೋಡುವವರು ಬೇಕು ಅಷ್ಟೇ. ಪುತ್ತೂರು, ಸುಳ್ಯದ ತಾಲೂಕು ಆಸ್ಪತ್ರೆಗಳಲ್ಲಿ, ಕಡಬದ ಸಮುದಾಯ ಆಸ್ಪತ್ರೆಯಲ್ಲಿ ತಿಂಗಳಿಗೆ ಆ ಒಂದು ದಿನವಾದರೂ ಹಲ್ಲಿನ ಡಾಕ್ಟ್ರು ಬಸುರಿಯರ ಸಾಲಿನ ಪಕ್ಕದಲ್ಲೇ ಕುರ್ಚಿ ಹಾಕಿ ಕೂರಲಿ. ಜನ ಸಾಲದಿದ್ದರೆ ದಂತ ಕಾಲೇಜುಗಳಿಂದ ಕಲಿಯುವ ಮಕ್ಕಳನ್ನು ಅವರ ಮೇಷ್ಟ್ರ ಜತೆ ಕರೆಸಲಿ. ಹಲ್ಲು ನೋಡಿದ್ದೇವೆ ಎಂದು ತಾಯಿ ಕಾರ್ಡಿನ ಮೂಲೆಯಲ್ಲಿ ಒಂದು ಸೀಲು ಬೀಳಲಿ. ಚೀಟಿಯ ಅಲೆದಾಟವೂ ಅಲ್ಲಿಗೇ ಮುಗಿಯುತ್ತದೆ. ಆಶಾ ಕಾರ್ಯಕರ್ತೆಯರು ಮನೆಗೆ ಹೋದಾಗ ಕಬ್ಬಿಣದ ಮಾತ್ರೆ ನುಂಗಿದಿರಾ ಎಂದು ಕೇಳುವ ಹಾಗೆ ಹಲ್ಲುನೋವು, ಒಸಡಿನ ರಕ್ತ ಉಂಟಾ ಎಂದೂ ಕೇಳಲಿ. ಆ ಕೆಲಸಕ್ಕೆ ತಕ್ಕ ಸಂಭಾವನೆಯನ್ನೂ ಸರಕಾರ ಕೊಡಲಿ. ಮೆಡಿಕಲ್ ಅಂಗಡಿಯವರು ಮಾತ್ರೆ ಕೈಗೆ ಕೊಡುವ ಮೊದಲು “ಯಾರಿಗೆ? ಬಸುರಿಗಾ?” ಎಂದು ಒಂದು ಮಾತು ಕೇಳಲಿ. ಕೇಳಿದ್ದಕ್ಕೆ ವ್ಯಾಪಾರ ಮುಳುಗುವುದಿಲ್ಲ.

ಮನೆಯವರಿಗೂ ಒಂದು ಮಾತು. ಹಲ್ಲಿನ ಡಾಕ್ಟ್ರಲ್ಲಿಗೆ ಹೋದಾಗ ಎಷ್ಟು ತಿಂಗಳು, ಯಾವ ಮಾತ್ರೆ ನಡೆಯುತ್ತಿದೆ, ಸಕ್ಕರೆ, ಒತ್ತಡ, ಥೈರಾಯ್ಡ್ ಉಂಟಾ, ಹಿಂದೆ ಗರ್ಭಪಾತ ಆಗಿತ್ತಾ, ಯಾವ ಔಷಧ ಆಗಿಬರುವುದಿಲ್ಲ, ಎಲ್ಲವನ್ನೂ ಮೊದಲೇ ಹೇಳಿ. ತಾಯಿ ಕಾರ್ಡು ಚೀಲದಲ್ಲಿರಲಿ. ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋಗಬೇಡಿ. ಜ್ವರ ಬಂದು ಕೆನ್ನೆ ಊದಿದರೆ, ಬಾಯಿ ತೆರೆಯಲಿಕ್ಕೆ, ನುಂಗಲಿಕ್ಕೆ ಕಷ್ಟ ಆದರೆ ಬೆಳಗಾಗಲಿ ಎಂದು ಕಾಯಬೇಡಿ, ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಹೊರಡಿ.

ಸೀಮಂತಕ್ಕೆ ಊರಿಗೆಲ್ಲ ಊಟ ಹಾಕುತ್ತೇವೆ, ಹೂ ಮುಡಿಸುತ್ತೇವೆ, ಹೊಸ ಸೀರೆ ಉಡಿಸುತ್ತೇವೆ, ಫೋಟೋ ತೆಗೆಸುತ್ತೇವೆ. ಫೋಟೋದಲ್ಲಿ ನಗು ಎಂದರೆ ಅವಳು ಹಲ್ಲುನೋವು ನುಂಗಿಕೊಂಡು ನಗಬೇಕು. ಸೀಮಂತದ ದಿನ ನೋಡುವ ಮೊದಲು ಹಲ್ಲಿನ ಡಾಕ್ಟ್ರಲ್ಲಿ ಒಂದು ದಿನ ನೋಡಿ. ಆರೋಗ್ಯ ಇಲಾಖೆಯವರಿಗೆ ಮುಂದಿನ 9ನೇ ತಾರೀಕು ದೂರ ಇಲ್ಲ. ಒಂದು ಕುರ್ಚಿ, ಒಂದು ಟಾರ್ಚು, ಒಬ್ಬ ಡಾಕ್ಟ್ರು, ಇಷ್ಟನ್ನು ಹೊಂದಿಸಲಿಕ್ಕೆ ಬೆಂಗಳೂರಿನಿಂದ ಆದೇಶ ಬರಬೇಕಾ?